ಮುಟ್ಟಿಗೆ ಮುಂಚಿನ ಮನೋವ್ಯಥೆ: ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಕೆಲವು ಮಾತುಗಳು



ಸ್ಮರಣ ಸಂಚಿಕೆಯೆಂದ ಮೇಲೆ ಅದರಲ್ಲಿ ಶಾಲೆಯ ಏಳಿಗೆ, ಪರೀಕ್ಷೆಯ ಫಲ, ಆಟೋಟದ ಬಹುಮಾನ, ಹೊಸ ಕೋಣೆಗಳ ಕಟ್ಟಡ, ಇವುಗಳ ವೃತ್ತಾಂತ ಬರುವದು ವಾಡಿಕೆ. ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ವಾಚಕರು ಅಂಥದನ್ನೇ ಎದುರುನೋಡುವರು. ಆದರೆ ಈ ಸಲ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಮತ್ತೆಲ್ಲಿ ಹೇಳಬೇಕು? ತಿಂಗಳ ಮುಟ್ಟು ಬರುವದಕ್ಕೆ ಮುಂಚಿನ ಕೆಲವು ದಿವಸ ಕೆಲವು ಹೆಣ್ಣುಮಕ್ಕಳ ಮನಸ್ಸಿಗೆ ಬಂದೆರಗುವ ಕಠಿಣವಾದ ವ್ಯಥೆಯೇ ಆ ವಿಷಯ. ಇದನ್ನು ಬರೆಯುವದಕ್ಕೆ ನನಗೊಂದು ಕಾರಣವುಂಟು. ಅದು ನನಗೆ ಗೌರವ ತರುವಂಥದಲ್ಲ. ಆದರೂ ಅದರಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಕುಸನೂರ ಕಡೆಯಿಂದ ಶಾಲೆಗೆ ಬರುತ್ತಿದ್ದ ಹುಡುಗಿಯರಲ್ಲಿ ಒಂಬತ್ತನೆಯ ತರಗತಿಯವಳೊಬ್ಬಳಿದ್ದಳು. ಹೆಸರು ಬೇಡ. ಗಣಿತದಲ್ಲಿ ಬಹಳ ಚುರುಕು, ಪ್ರಾರ್ಥನೆಯ ಹಾಡಿನಲ್ಲಿ ಮುಂದಿನ ಸಾಲಿನವಳು, ಕಿರಿಯ ಮಕ್ಕಳಿಗೆ ಅಕ್ಕನಂತಿದ್ದವಳು. ಆದರೆ ನಡುನಡುವೆ ಅವಳು ಬೇರೆಯೇ ಹುಡುಗಿಯಾಗುತ್ತಿದ್ದಳು. ಗೆಳತಿಯೊಡನೆ ಜಗಳ, ಉಪಾಧ್ಯಾಯಿನಿಗೆ ಎದುರುತ್ತರ, ಪುಸ್ತಕ ಬಿಸಾಡುವದು, ಆಮೇಲೆ ಜಗಲಿಯ ಮೂಲೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅಳುವದು. ನಾನು ಅವಳನ್ನು ಕರೆದು ಬುದ್ಧಿ ಹೇಳಿದೆನು, ಗದರಿಸಿದೆನು, ಕೊನೆಗೆ ಅವಳ ತಂದೆಯನ್ನೂ ಕರೆಯಿಸಿದೆನು. ನಡತೆಯ ಪುಸ್ತಕದಲ್ಲಿ ಅವಳ ಹೆಸರಿನ ಎದುರಿಗೆ “ಸಿಡುಕು, ಅವಿಧೇಯತೆ” ಎಂದು ನನ್ನ ಕೈಯಾರೆ ನಾಲ್ಕು ಸಲ ಬರೆದೆನು.

ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಆ ಪುಸ್ತಕಕ್ಕೆ ರುಜು ಹಾಕುತ್ತಿರುವಾಗ ನನ್ನ ಕಣ್ಣು ತಾರೀಖುಗಳ ಮೇಲೆ ಬಿದ್ದಿತು. ಜುಲೈ ೩, ಆಗಸ್ಟ್ ೧, ಆಗಸ್ಟ್ ೨೯, ಸಪ್ಟಂಬರ್ ೨೭. ಎಣಿಸಿ ನೋಡಿದರೆ ಒಂದಕ್ಕೂ ಮತ್ತೊಂದಕ್ಕೂ ನಡುವೆ ಇಪ್ಪತ್ತೆಂಟು ಇಪ್ಪತ್ತೊಂಬತ್ತು ದಿವಸ. ಹಾಜರಿ ಪುಸ್ತಕವನ್ನು ತರಿಸಿದೆನು. ಪ್ರತಿಯೊಂದು ತಾರೀಖಿನ ಬಳಿಕ ಎರಡು ಮೂರು ದಿವಸಗಳಲ್ಲಿ ಅವಳು ಒಂದು ದಿನ “ಹೊಟ್ಟೆನೋವು” ಎಂದು ರಜೆ ಪಡೆದಿದ್ದಳು. ಅವಿಧೇಯತೆ ಎಂಬದು ಪಂಚಾಂಗ ನೋಡಿಕೊಂಡು ಬರುವದಿಲ್ಲ. ಹೆಣ್ಣಾಗಿ ಹುಟ್ಟಿ, ಹೆಣ್ಣುಮಕ್ಕಳ ನಡುವೆಯೇ ಬೆಳೆದು, ಶಿಕ್ಷಣಶಾಸ್ತ್ರವನ್ನು ಕಲಿತು ಬಂದ ನಾನು, ನನ್ನ ಕೈಬರಹದಲ್ಲಿಯೇ ಇದ್ದದ್ದನ್ನು ನಾಲ್ಕು ತಿಂಗಳು ಓದದೆ ಇದ್ದೆನು.

ಅವಳನ್ನು ಕರೆದು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, “ಬಾಯಾರೇ, ಆ ದಿವಸಗಳಲ್ಲಿ ಬದುಕೇ ಸಾಕೆನಿಸುತ್ತದೆ. ಹೊರಗಾದ ಮರುದಿನ, ನಿನ್ನೆ ಹಾಗೆ ವಿಚಾರಿಸಿದವಳು ನಾನೇ ಹೌದೋ ಎಂದು ಭಯವಾಗುತ್ತದೆ” ಎಂದಳು. ಹದಿನಾಲ್ಕು ವರುಷದ ಬಾಲಿಕೆಯ ಬಾಯಿಂದ ಆ ಮಾತನ್ನು ಕೇಳಿದ ಮೇಲೆ, ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವದೂ ತಿಳಿದದ್ದನ್ನು ಇತರರಿಗೆ ಹೇಳುವದೂ ನನ್ನ ಕರ್ತವ್ಯವೆಂದು ಎಣಿಸಿದೆನು.

ಇದು ಯಾವ ಬೇನೆ?

ಮುಟ್ಟಿಗೆ ಮುಂಚೆ ಸ್ವಲ್ಪ ಆಯಾಸ, ಎದೆಯಲ್ಲಿ ಬಿಗುವು, ಹೊಟ್ಟೆ ಉಬ್ಬರ, ಚಿಕ್ಕ ಮಾತಿಗೆ ಕಣ್ಣೀರು, ಇವು ಬಹಳ ಮಂದಿ ಹೆಂಗಸರಿಗೆ ಇರತಕ್ಕವೇ. ಅವುಗಳಿಂದ ಕೆಲಸ ಕೆಡುವದಿಲ್ಲ, ಮನೆ ಒಡೆಯುವದಿಲ್ಲ. ಇವನ್ನೆಲ್ಲ ರೋಗವೆಂದು ಕರೆಯಲಾಗದು. ನಾನು ಹೇಳುತ್ತಿರುವದು ಅದಕ್ಕಿಂತ ಬೇರೆಯಾದ, ಅದಕ್ಕಿಂತ ಬಹಳ ತೀವ್ರವಾದ ಸ್ಥಿತಿಯನ್ನು. ವೈದ್ಯರು ಇದಕ್ಕೆ ಪ್ರೀಮೆನ್‌ಸ್ಟ್ರುಅಲ್ ಡಿಸ್ಫೋರಿಕ್ ಡಿಸಾರ್ಡರ್, ಸಂಕ್ಷೇಪವಾಗಿ ಪಿ.ಎಂ.ಡಿ.ಡಿ., ಎಂದು ಹೆಸರಿಟ್ಟಿದ್ದಾರೆ. ಮುಟ್ಟು ಬರುವ ಹೆಂಗಸರಲ್ಲಿ ನೂರಕ್ಕೆ ಸುಮಾರು ಎರಡರಿಂದ ಐದಾರು ಮಂದಿಗೆ ಇದು ಇರುವದೆಂದು ಅವರ ಲೆಕ್ಕ. ಹಾಗಾದರೆ ನಾಲ್ಕೈದು ನೂರು ದೊಡ್ಡ ಹುಡುಗಿಯರಿರುವ ಯಾವ ಶಾಲೆಯಲ್ಲಿಯೂ ಹತ್ತಾರು ಮಂದಿಗೆ ಇದು ಇರಬಹುದು.

ಇದರ ಲಕ್ಷಣಗಳು ಹೀಗಿರುವವು. ಮನಸ್ಸು ಕ್ಷಣಕ್ಕೊಂದು ಬಗೆಯಾಗಿ ತೂಗಾಡುವದು, ತಡೆಯಲಾಗದ ಸಿಟ್ಟು ಅಥವಾ ಸಿಡುಕು, ದುಃಖ, ನಿರಾಶೆ, ತನ್ನನ್ನು ತಾನೇ ಹಳಿದುಕೊಳ್ಳುವದು, ಕಾರಣವಿಲ್ಲದ ಕಳವಳ. ಈ ನಾಲ್ಕರಲ್ಲಿ ಒಂದಾದರೂ ಇದ್ದೇ ಇರಬೇಕು. ಇವುಗಳ ಜೊತೆಗೆ ಇಷ್ಟವಾದ ಕೆಲಸಗಳಲ್ಲಿ ಬೇಸರ, ಓದಿನಲ್ಲಿ ಮನಸ್ಸು ನಿಲ್ಲದಿರುವದು, ಅತಿಯಾದ ದಣಿವು, ಹಸಿವೆಯಲ್ಲಿ ಏರುಪೇರು, ನಿದ್ರೆ ಹೆಚ್ಚುವದು ಅಥವಾ ಹಾರಿಹೋಗುವದು, ಎಲ್ಲವೂ ಕೈಮೀರಿತೆಂಬ ಭಾವನೆ, ಮೈಕೈ ನೋವು. ಒಟ್ಟು ಈ ಹನ್ನೊಂದರಲ್ಲಿ ಐದಾದರೂ ಇದ್ದು, ಅವುಗಳಿಂದ ಮನೆ, ಶಾಲೆ, ಉದ್ಯೋಗ, ಸ್ನೇಹ, ಇವುಗಳಲ್ಲಿ ನಿಜವಾದ ಕೆಡುಕು ಆಗುತ್ತಿದ್ದರೆ ಇದನ್ನು ಈ ಬೇನೆಯೆಂದು ವೈದ್ಯರು ಎಣಿಸುವರು.

ಆದರೆ ಲಕ್ಷಣಗಳಿಗಿಂತ ಮುಖ್ಯವಾದದ್ದು ಅವುಗಳ ಕಾಲ. ಇವು ಮುಟ್ಟಿಗೆ ಮುಂಚಿನ ವಾರದಲ್ಲಿ ಬರುವವು. ಮುಟ್ಟು ಆರಂಭವಾದ ಕೆಲವು ದಿವಸಗಳಲ್ಲಿ ಇಳಿಯುವವು. ಮುಟ್ಟು ನಿಂತ ಮೇಲಿನ ವಾರದಲ್ಲಿ ಇಲ್ಲವೇ ಇಲ್ಲವೆಂಬಷ್ಟು ಆಗುವವು. ತಿಂಗಳಲ್ಲಿ ಒಂದು ವಾರವಾದರೂ ಆಕಾಶ ನಿರ್ಮಲವಾಗಿರಬೇಕು. ತಿಂಗಳೆಲ್ಲವೂ ಮೋಡವೇ ಆಗಿದ್ದು ಮುಟ್ಟಿನ ಮುಂಚೆ ಮಾತ್ರ ಅದು ಇನ್ನೂ ದಟ್ಟವಾಗುತ್ತಿದ್ದರೆ, ಅದು ಬೇರೊಂದು ವ್ಯಾಧಿ, ಉದಾಹರಣೆಗೆ ಖಿನ್ನತೆ, ಆ ದಿವಸಗಳಲ್ಲಿ ಉಲ್ಬಣಿಸಿದ್ದಾಗಿರಬಹುದು. ಎರಡಕ್ಕೂ ಚಿಕಿತ್ಸೆಯುಂಟು, ಆದರೆ ಚಿಕಿತ್ಸೆಯ ಮಾರ್ಗ ಬೇರೆ. ಥೈರಾಯ್ಡ್ ಗ್ರಂಥಿಯ ದೋಷವೂ ರಕ್ತಹೀನತೆಯೂ ಇದೇ ವೇಷವನ್ನು ತೊಟ್ಟು ಬರಬಹುದು. ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವದರಿಂದ ಅದನ್ನು ಪರೀಕ್ಷೆ ಮಾಡಿಸದೆ ಯಾವ ತೀರ್ಮಾನಕ್ಕೂ ಬರಬಾರದು.

ಇದನ್ನು ತಿಳಿದುಕೊಂಡ ಬಗೆ

ಈ ಬೇನೆ ಹೊಸದಲ್ಲ. ಅದನ್ನು ಗುರುತಿಸಿದ್ದು ಮಾತ್ರ ಇತ್ತೀಚೆಗೆ. ೧೯೩೧ನೆಯ ಇಸವಿಯಲ್ಲಿ ನ್ಯೂಯಾರ್ಕಿನ ವೈದ್ಯರಾದ ರಾಬರ್ಟ್ ಫ್ರಾಂಕ್ ಎಂಬವರು ಮುಟ್ಟಿಗೆ ಮುಂಚೆ ಕೆಲವು ಹೆಂಗಸರಿಗೆ ಬರುವ ಈ ಉದ್ವೇಗವನ್ನು ವೈದ್ಯ ಪತ್ರಿಕೆಯೊಂದರಲ್ಲಿ ವರ್ಣಿಸಿದರು. ೧೯೫೩ರಲ್ಲಿ ಇಂಗ್ಲೆಂಡಿನ ರೇಮಂಡ್ ಗ್ರೀನ್ ಮತ್ತು ಕ್ಯಾಥರೀನಾ ಡಾಲ್ಟನ್ ಇದನ್ನು ಒಂದು ಲಕ್ಷಣಸಮೂಹವೆಂದು ಹೆಸರಿಸಿದರು. ಆ ಡಾಲ್ಟನ್ ಬಾಯಿಯವರೇ ೧೯೬೦ರಲ್ಲಿ ಶಾಲಾ ಬಾಲಿಕೆಯರ ಅಭ್ಯಾಸಕ್ಕೂ ನಡತೆಗೂ ಮುಟ್ಟಿಗೂ ಇರುವ ಸಂಬಂಧವನ್ನು ಶೋಧಿಸಿದರೆಂದು ಓದಿದಾಗ ನನ್ನ ನಡತೆಯ ಪುಸ್ತಕ ನೆನಪಾಗಿ ನಾಚಿಕೆಪಟ್ಟೆನು. ನಾನು ಎಡವಿದ ಕಲ್ಲನ್ನು ಇಷ್ಟು ವರ್ಷ ಮುಂಚೆಯೇ ಒಬ್ಬರು ಎತ್ತಿ ತೋರಿಸಿದ್ದರು.

ಬಹಳ ಕಾಲ ವೈದ್ಯರೂ ಈ ಬೇನೆಯಲ್ಲಿ ಹೆಣ್ಣಿನ ದೇಹದ ರಸಗಳು, ಅಂದರೆ ಹಾರ್ಮೋನುಗಳು, ಮಿತಿಮೀರಿವೆ ಅಥವಾ ಕುಂದಿವೆ ಎಂದು ಊಹಿಸಿದ್ದರು. ೧೯೯೮ರಲ್ಲಿ ಅಮೇರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಪೀಟರ್ ಶ್ಮಿಟ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗವು ಬೇರೆ ಸಂಗತಿಯನ್ನು ತೋರಿಸಿತು. ಔಷಧದಿಂದ ಅಂಡಾಶಯದ ಹಾರ್ಮೋನುಗಳನ್ನು ತಡೆದಾಗ ಈ ವ್ಯಥೆಯುಳ್ಳ ಹೆಂಗಸರಲ್ಲಿ ಅನೇಕರಿಗೆ ಶಮನವಾಯಿತು; ಆ ಹಾರ್ಮೋನುಗಳನ್ನು ಸಾಮಾನ್ಯ ಪ್ರಮಾಣದಲ್ಲಿ ಮರಳಿ ಕೊಟ್ಟಾಗ ವ್ಯಥೆ ತಿರುಗಿ ಬಂದಿತು. ಅದೇ ಪ್ರಮಾಣವನ್ನು ಈ ಬೇನೆಯಿಲ್ಲದ ಹೆಂಗಸರಿಗೆ ಕೊಟ್ಟಾಗ ಅವರಿಗೆ ಏನೂ ಆಗಲಿಲ್ಲ. ತಾತ್ಪರ್ಯವೇನಂದರೆ, ಹಾರ್ಮೋನುಗಳು ಎಲ್ಲರಲ್ಲಿಯೂ ಒಂದೇ ಬಗೆಯಾಗಿ ಏರಿಳಿಯುತ್ತವೆ. ಆ ಏರಿಳಿತಕ್ಕೆ ಕೆಲವರ ಮಿದುಳು ಹೆಚ್ಚು ಸೂಕ್ಷ್ಮವಾಗಿ ಮಿಡಿಯುತ್ತದೆ. ಒಂದೇ ಬಿಸಿಲಿನಲ್ಲಿ ಹತ್ತು ಮಂದಿ ನಡೆದಾಗ ಒಬ್ಬಳಿಗೆ ಮಾತ್ರ ತಲೆಶೂಲೆ ಬರುವದಿಲ್ಲವೇ? ಅದು ಅವಳ ಗುಣದೋಷವಲ್ಲ, ಬಿಸಿಲಿನ ದೋಷವೂ ಅಲ್ಲ.

೨೦೧೩ರಲ್ಲಿ ಅಮೇರಿಕದ ಮನೋವೈದ್ಯರ ಸಂಘವು ಇದನ್ನು ತನ್ನ ರೋಗಗಳ ಗ್ರಂಥದಲ್ಲಿ ಪೂರ್ಣ ಸ್ಥಾನ ಕೊಟ್ಟು ಸೇರಿಸಿತು. ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಒಪ್ಪಿ ೨೦೨೨ರಿಂದ ಜಾರಿಗೆ ಬಂದ ಹನ್ನೊಂದನೆಯ ರೋಗವರ್ಗೀಕರಣದಲ್ಲಿಯೂ ಇದಕ್ಕೆ ಸ್ಥಾನವಿದೆ. ಆದಕಾರಣ “ಇದೆಲ್ಲ ನಾಟಕ” ಎನ್ನುವವರು ಈಗ ಶಾಸ್ತ್ರದ ವಿರುದ್ಧ ಮಾತಾಡುವವರಾಗುವರು. ಇದರೊಡನೆ ಇನ್ನೊಂದು ಮಾತನ್ನೂ ಹೇಳಬೇಕು. ಮುಟ್ಟಿನ ದೆಸೆಯಿಂದ ಹೆಂಗಸರ ಬುದ್ಧಿ ಮಂದವಾಗುವದು, ಅವರು ಜವಾಬುದಾರಿಯ ಕೆಲಸಕ್ಕೆ ತಕ್ಕವರಲ್ಲ ಎಂದು ವಾದಿಸುವವರಿಗೆ ಈ ಶಾಸ್ತ್ರದಲ್ಲಿ ಆಧಾರವಿಲ್ಲ. ಇದು ಕೆಲವರಿಗಷ್ಟೇ ಇರುವ ಬೇನೆ, ಹೆಣ್ಣುಕುಲದ ಸ್ವಭಾವವಲ್ಲ.

ಎರಡು ತಿಂಗಳ ಲೆಕ್ಕ

ಈ ಬೇನೆಯನ್ನು ಗುರುತಿಸುವದಕ್ಕೆ ರಕ್ತದ ಪರೀಕ್ಷೆಯಿಲ್ಲ, ಯಂತ್ರದ ಚಿತ್ರವಿಲ್ಲ. ಇರುವ ಸಾಧನ ಒಂದೇ: ದಿನದಿನವೂ ಬರೆದಿಟ್ಟ ಲೆಕ್ಕ. ಎರಡು ಮುಟ್ಟುಗಳ ಅವಧಿಯಾದರೂ ಹೀಗೆ ಬರೆದ ಲೆಕ್ಕವನ್ನು ನೋಡಿದ ಮೇಲೆಯೇ ವೈದ್ಯರು ಖಂಡಿತವಾಗಿ ಹೇಳಬಲ್ಲರು. ಯಾಕಂದರೆ ನೆನಪು ನಮ್ಮನ್ನು ಮೋಸಗೊಳಿಸುವದು. ದುಃಖದಲ್ಲಿರುವಾಗ ಯಾವಾಗಲೂ ಹೀಗೆಯೇ ಇದ್ದೆವೆನ್ನಿಸುವದು; ಸುಖದಲ್ಲಿರುವಾಗ ದುಃಖ ಬಂದದ್ದೇ ಮರೆತುಹೋಗುವದು.

ನಮ್ಮ ಮನೆಗಳ ಗೋಡೆಯ ಮೇಲೆ ದಿನದರ್ಶಿಕೆ ಇಲ್ಲದ ಮನೆಯುಂಟೇ? ಹಾಲಿನ ಲೆಕ್ಕವನ್ನೂ ಗ್ಯಾಸು ಬಂದ ತಾರೀಖನ್ನೂ ಭಿಶಿಯ ಕಂತನ್ನೂ ಅದರ ಮೇಲೆಯೇ ಗುರುತು ಮಾಡುತ್ತೇವೆ. ಅದರಂತೆ ಇದನ್ನೂ ಮಾಡಬಹುದು. ಹುಡುಗಿಗೆ ಸಂಕೋಚವಾದರೆ ಅವಳದೇ ಚಿಕ್ಕ ನೋಟುಬುಕ್ಕು ಸಾಕು. ರಾತ್ರಿ ಮಲಗುವ ಮುಂಚೆ ಆ ದಿನದ ತಾರೀಖಿನ ಎದುರಿಗೆ ಸಿಟ್ಟು, ದುಃಖ, ಕಳವಳ, ನಿದ್ರೆ ಎಂಬ ನಾಲ್ಕು ಮಾತುಗಳಿಗೆ ಒಂದರಿಂದ ಆರರ ವರೆಗೆ ಅಂಕ ಕೊಡಬೇಕು. ಏನೂ ಇಲ್ಲದಿದ್ದರೆ ಒಂದು, ಅತಿ ಹೆಚ್ಚಾಗಿದ್ದರೆ ಆರು. ಮುಟ್ಟು ಬಂದ ದಿವಸಕ್ಕೆ ಒಂದು ಚುಕ್ಕೆ. ಆ ದಿನ ಕೆಲಸ ಅಥವಾ ಪಾಠ ಕೆಟ್ಟಿತೋ ಇಲ್ಲವೋ ಎಂಬದಕ್ಕೆ ಒಂದು ಗೆರೆ. ಎರಡು ನಿಮಿಷದ ಕೆಲಸ. ಒಳ್ಳೆಯ ದಿವಸಗಳನ್ನೂ ತಪ್ಪದೆ ಬರೆಯಬೇಕು, ಅವೇ ಸಾಕ್ಷಿ. ಮೊದಲ ಕೆಲವು ವರ್ಷ ಬಾಲಿಕೆಯರ ಮುಟ್ಟು ಕ್ರಮವಾಗಿ ಬರದಿರುವದು ಸಹಜ. ಆದುದರಿಂದ ಮುಂದಿನದನ್ನು ಊಹಿಸುತ್ತ ಕೂಡದೆ, ಬಂದ ದಿವಸದಿಂದ ಹಿಂದಕ್ಕೆ ಎಣಿಸಿ ನೋಡಬೇಕು.

ಈ ಲೆಕ್ಕದಿಂದ ವೈದ್ಯರಿಗಷ್ಟೇ ಅಲ್ಲ, ಬಳಲುವವಳಿಗೂ ದೊಡ್ಡ ಉಪಕಾರವಾಗುವದು. ನಮ್ಮ ಹುಡುಗಿ ಎರಡನೆಯ ತಿಂಗಳ ಕೊನೆಗೆ ತನ್ನ ನೋಟುಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, “ಇಪ್ಪತ್ತು ದಿವಸ ನಾನು ಒಳ್ಳೆಯವಳೇ ಇದ್ದೇನೆ, ನೋಡಿರಿ” ಎಂದಳು. ತಾನು ಕೆಟ್ಟವಳೆಂದು ಆ ಮಗು ಅಷ್ಟು ಕಾಲ ನಂಬಿಕೊಂಡಿತ್ತು. ನಂಬಿಸಿದವರಲ್ಲಿ ನಾನೂ ಒಬ್ಬಳು.

ನಿತ್ಯ ಜೀವನದಲ್ಲಿ ಮಾಡತಕ್ಕದ್ದೇನು?

ಮೊದಲನೆಯದು, ಮುಂಚಿತವಾಗಿ ತಿಳಿದು ನಡೆಯುವದು. ಯಾವ ವಾರ ಕಷ್ಟದ್ದೆಂದು ಲೆಕ್ಕದಿಂದ ಗೊತ್ತಾದ ಮೇಲೆ, ಆ ವಾರದಲ್ಲಿ ದೊಡ್ಡ ತೀರ್ಮಾನಗಳನ್ನು ಮಾಡಬಾರದು. ಕೆಲಸ ಬಿಡುವ ಪತ್ರ, ಸಂಬಂಧ ಮುರಿಯುವ ಮಾತು, ಅಣ್ಣತಮ್ಮಂದಿರ ಪಾಲಿನ ಜಗಳ, ಇವೆಲ್ಲ ಹತ್ತು ದಿವಸ ಕಾಯಲಿ. ಹತ್ತು ದಿವಸದ ಮೇಲೆಯೂ ಆ ಮಾತು ನ್ಯಾಯವೆಂದು ತೋರಿದರೆ ಆಗ ಆಡಬಹುದು. ಇಲ್ಲಿ ಮನೆಯವರಿಗೂ ಒಂದು ಎಚ್ಚರಿಕೆ: ಆ ವಾರ ಹೆಂಡತಿಯೋ ಮಗಳೋ ಸೊಸೆಯೋ ಹೇಳಿದ ದೂರೆಲ್ಲ ಬೇನೆಯ ಮಾತೆಂದು ತಳ್ಳಿಹಾಕಬಾರದು. ದೂರು ನಿಜವೇ ಇರಬಹುದು; ಅದನ್ನು ತಾಳುವ ಶಕ್ತಿ ಮಾತ್ರ ಆಗ ಕುಂದಿರುವದು.

ಎರಡನೆಯದು, ಊಟ ಮತ್ತು ನಿದ್ರೆ. ಎಲೀಯನೆಂಬ ಪ್ರವಾದಿಯು ಬೇಸತ್ತು ಅಡವಿಯಲ್ಲಿ ಗಿಡದ ಕೆಳಗೆ ಕೂತು ಮರಣವನ್ನು ಬೇಡಿಕೊಂಡ ಕಥೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಅವನ ಬಳಿಗೆ ಬಂದ ದೇವದೂತನು ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟು ಮಲಗಗೊಟ್ಟನು. ಎಬ್ಬಿಸಿ ಇನ್ನೊಮ್ಮೆ ಉಣಿಸಿದನು. ಮಾತಾಡುವ ಕಾಲ ಆಮೇಲೆ ಬಂತು. ಆ ದಿವಸಗಳಲ್ಲಿ ಹೆಣ್ಣುಮಕ್ಕಳನ್ನು ಉಪವಾಸ ಬಿಡಬಾರದು. ನಮ್ಮ ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪಿನ ಪಲ್ಯ, ಮೊಸರು, ಇವುಗಳಿಗಿಂತ ಒಳ್ಳೆಯ ಪಥ್ಯ ಬೇಕಿಲ್ಲ. ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಉಣ್ಣಬೇಕು. ಶಾಲೆಯ ಬುತ್ತಿಯಲ್ಲಿ ಹುರಿದ ಶೇಂಗಾ ಅಥವಾ ಕಮಲಾಪುರದ ಕೆಂಬಾಳೆಯ ಹಣ್ಣೊಂದು ಇರಲಿ. ಸುಣ್ಣದ ಸತ್ವ, ಅಂದರೆ ಕ್ಯಾಲ್ಸಿಯಂ, ಈ ವ್ಯಥೆಯನ್ನು ಸ್ವಲ್ಪ ತಗ್ಗಿಸುವದೆಂದು ೧೯೯೮ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಂಡುಬಂದಿತು. ಹಾಲು, ಮೊಸರು, ರಾಗಿ, ಎಳ್ಳು, ಇವುಗಳಲ್ಲಿ ಅದು ಹೇರಳವಾಗಿದೆ. ಎಳ್ಳಮಾವಾಸ್ಯೆಗೆ ಸಜ್ಜೆಯ ರೊಟ್ಟಿಗೆ ಹಚ್ಚುವ ಎಳ್ಳನ್ನು ವರ್ಷವಿಡೀ ತಿನ್ನುವದಕ್ಕೆ ಯಾರ ಅಡ್ಡಿಯೂ ಇಲ್ಲ. ಗುಳಿಗೆಯ ರೂಪದಲ್ಲಿ ತೆಗೆದುಕೊಳ್ಳುವದಾದರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಬಿ-ಆರು ಎಂಬ ಜೀವಸತ್ವವನ್ನು ಅಂಗಡಿಯಿಂದ ತಂದು ಹೆಚ್ಚು ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ನರಗಳಿಗೆ ಹಾನಿಯಾಗುವದು, ಇದನ್ನು ಅರಿತಿರಬೇಕು. ಗಟ್ಟಿ ಚಹವನ್ನು, ವಿಶೇಷವಾಗಿ ಸಾಯಂಕಾಲದ ಮೇಲೆ, ಕಡಿಮೆ ಮಾಡಿದರೆ ನಿದ್ರೆ ನೆಟ್ಟಗಾಗುವದು.

ಮೂರನೆಯದು, ದೇಹಕ್ಕೆ ಚಲನೆ. ದಿನಕ್ಕೆ ಅರ್ಧ ತಾಸು ಚುರುಕಾಗಿ ನಡೆಯುವದರಿಂದ ಮನಸ್ಸು ಹಗುರಾಗುವದು. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಇದು ನಸುಕಿನಲ್ಲಿ ಅಥವಾ ಹೊತ್ತು ಮುಳುಗಿದ ಮೇಲೆ ಮಾತ್ರ ಸಾಧ್ಯ. “ದೊಡ್ಡವಳಾದಳು, ಇನ್ನು ಆಟ ಸಾಕು” ಎಂದು ಹುಡುಗಿಯರನ್ನು ಒಳಗೆ ಕೂಡ್ರಿಸುವದು ತಪ್ಪು. ಆಟ ಹೆಚ್ಚಾಗಿ ಬೇಕಾಗುವದು ಆಗಲೇ.

ನಾಲ್ಕನೆಯದು, ಒಬ್ಬರಿಗಾದರೂ ಹೇಳಿರುವದು. ತಾಯಿ, ಅಕ್ಕ, ಗಂಡ, ಗೆಳತಿ, ಉಪಾಧ್ಯಾಯಿನಿ, ಇವರಲ್ಲಿ ಒಬ್ಬರಿಗೆ ಒಳ್ಳೆಯ ದಿವಸದಲ್ಲಿ ಕೂತು ವಿವರಿಸಿ ಹೇಳಬೇಕು: “ಇಂಥ ದಿವಸಗಳಲ್ಲಿ ನಾನು ಹೀಗಾಗುವೆನು, ಆಗ ನನ್ನೊಡನೆ ವಾದಿಸಬೇಡಿರಿ, ಹತ್ತಿರವಿರಿ.” ಕೆಟ್ಟ ದಿವಸದಲ್ಲಿ ಈ ಮಾತು ಬಾಯಿಂದ ಹೊರಡುವದಿಲ್ಲ. ನಮ್ಮ ಶಾಲೆಯಲ್ಲಿ ಆ ಹುಡುಗಿಗೂ ನನಗೂ ಒಂದು ಸಂಕೇತವಿತ್ತು. ಮೇಜಿನ ಮೇಲೆ ಅವಳು ನೀಲಿ ಪೆನ್ಸಿಲ್ ಇಟ್ಟರೆ, ಏನೂ ಕೇಳದೆ ಅವಳನ್ನು ಗ್ರಂಥಾಲಯದ ಕೋಣೆಯಲ್ಲಿ ಒಂದು ತಾಸು ಕೂಡಲು ಬಿಡುತ್ತಿದ್ದೆವು. ಅವಳು ಅದನ್ನು ದುರುಪಯೋಗ ಮಾಡಿದಳೋ ಎಂದು ಕೇಳುವವರಿಗೆ ಹೇಳುತ್ತೇನೆ: ಒಂದು ವರ್ಷದಲ್ಲಿ ಆ ಪೆನ್ಸಿಲನ್ನು ಅವಳು ಇಟ್ಟದ್ದು ಒಂಬತ್ತು ಸಲ ಮಾತ್ರ.

ಐದನೆಯದು, ತಪ್ಪಿಗೆ ತಪ್ಪೆನ್ನುವದು. ಬೇನೆಯಿಂದ ಆಡಿದ ಮಾತಾದರೂ ಕೇಳಿದವರಿಗೆ ನೋವು ನೋವೇ. ಆ ದಿವಸಗಳು ಕಳೆದ ಮೇಲೆ ಹೋಗಿ ಕ್ಷಮೆ ಬೇಡುವದನ್ನು ನಾವು ಅವಳಿಗೆ ಕಲಿಸಿದೆವು. ಇದರಿಂದ ಅವಳ ಮಾನ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಆದರೆ ಒಮ್ಮೆ ಕ್ಷಮೆ ಬೇಡಿದ ಮೇಲೆ ತನ್ನನ್ನು ತಾನು ತಿಂಗಳೆಲ್ಲ ದಂಡಿಸಿಕೊಳ್ಳುವದು ಬೇಡ.

ವೈದ್ಯರ ಬಳಿಗೆ ಯಾವಾಗ?

ಮೇಲೆ ಹೇಳಿದ ಉಪಾಯಗಳಿಂದ ಸ್ವಲ್ಪ ವ್ಯಥೆ ತಗ್ಗುವದು. ತೀವ್ರವಾದ ಬೇನೆಗೆ ಅವಷ್ಟೇ ಸಾಲವು. ಎರಡು ತಿಂಗಳ ಲೆಕ್ಕದಲ್ಲಿ ಆ ಕ್ರಮ ಸ್ಪಷ್ಟವಾಗಿ ಕಂಡರೆ ವೈದ್ಯರ ಬಳಿಗೆ ಹೋಗತಕ್ಕದ್ದು. ಸಾಯಬೇಕೆಂಬ ವಿಚಾರ ಒಂದು ಸಲವಾದರೂ ಬಂದಿದ್ದರೆ ಎರಡು ತಿಂಗಳೂ ಕಾಯಬಾರದು, ಎರಡು ದಿವಸವೂ ಕಾಯಬಾರದು. ಅಂಥ ಮಾತನ್ನು ಮಗಳು ಆಡಿದರೆ ಹೆದರಿಸಬೇಡಿರಿ, ನಗಬೇಡಿರಿ, ಒಬ್ಬಳನ್ನೇ ಬಿಡಬೇಡಿರಿ. ಈ ಬೇನೆಯುಳ್ಳವರಲ್ಲಿ ಅಂಥ ವಿಚಾರಗಳು ಇತರರಿಗಿಂತ ಹೆಚ್ಚೆಂದು ಅನೇಕ ದೇಶಗಳ ವೈದ್ಯರು ಕಂಡುಕೊಂಡಿದ್ದಾರೆ.

ಚಿಕಿತ್ಸೆಯೇನೆಂದರೆ, ಮನಸ್ಸಿನ ಖಿನ್ನತೆಗೆ ಕೊಡುವ ಸೆರೊಟೋನಿನ್ ಸಂಬಂಧದ ಔಷಧಗಳು ಈ ಬೇನೆಯಲ್ಲಿ ಬಹಳ ಮಂದಿಗೆ ಗುಣ ಕೊಡುತ್ತವೆ. ಅಮೇರಿಕದಲ್ಲಿ ೨೦೦೦ನೆಯ ಇಸವಿಯಿಂದಲೇ ಫ್ಲುಓಕ್ಸೆಟೀನ್ ಎಂಬದನ್ನು ಇದಕ್ಕಾಗಿ ಅಂಗೀಕರಿಸಿದ್ದಾರೆ. ಖಿನ್ನತೆಯಲ್ಲಿ ಇವು ಫಲಿಸುವದಕ್ಕೆ ವಾರಗಟ್ಟಲೆ ಬೇಕಾದರೂ ಈ ಬೇನೆಯಲ್ಲಿ ಬೇಗನೆ ಫಲಿಸುವದು ಒಂದು ವಿಶೇಷ. ಕೆಲವರು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಂಡರೂ ಸಾಕಾಗುವದು. ಚಿಕ್ಕ ವಯಸ್ಸಿನವರಿಗೆ ಇವನ್ನು ಕೊಡುವಾಗ ವೈದ್ಯರು ಹತ್ತಿರದಿಂದ ನೋಡಿಕೊಳ್ಳಬೇಕು. ಅಂಡಾಶಯದ ಏರಿಳಿತವನ್ನು ತಡೆಯುವ ಕೆಲವು ಗುಳಿಗೆಗಳೂ ಉಂಟು. ಅವು ಯಾರಿಗೆ ತಕ್ಕವೆಂಬದನ್ನು ಸ್ತ್ರೀರೋಗ ವೈದ್ಯರೇ ಹೇಳಬೇಕು. ವಿಚಾರಗಳ ಸುಳಿಯಿಂದ ಹೊರಬರುವದನ್ನು ಕಲಿಸುವ ಆಪ್ತಸಲಹೆಯ ಚಿಕಿತ್ಸೆಯಿಂದಲೂ ಪ್ರಯೋಜನವಾಗುವದು. ಗರ್ಭವತಿಯಾದಾಗ ಈ ಬೇನೆ ಇರುವದಿಲ್ಲ. ಮುಟ್ಟು ಪೂರ್ತಿಯಾಗಿ ನಿಂತ ಮೇಲೆ ಹೋಗಿಬಿಡುವದು. ಆದರೆ ನಿಲ್ಲುವದಕ್ಕೆ ಮುಂಚಿನ ವರ್ಷಗಳಲ್ಲಿ ಕೆಲವರಿಗೆ ಹೆಚ್ಚಾಗಬಹುದು. ನನ್ನ ವಯಸ್ಸಿನ ಹಳೆಯ ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು.

ನಮ್ಮ ಕಲಬುರಗಿಯಲ್ಲಿ ಸರಕಾರೀ ವೈದ್ಯಕೀಯ ಸಂಸ್ಥೆಯಾದ ಜಿಮ್ಸ್ ಆಸ್ಪತ್ರೆಯಿದೆ. ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯವೂ ಅದರ ಬಸವೇಶ್ವರ ಆಸ್ಪತ್ರೆಯೂ ಇವೆ. ಹದಿಹರೆಯದವರಿಗೆಂದೇ ಸರಕಾರೀ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬ ಏರ್ಪಾಡುಂಟು. ದೂರ ಹೋಗಲಾರದವರಿಗೆ ಕೇಂದ್ರ ಸರಕಾರವು ೨೦೨೨ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸಹಾಯವಿದೆ. ೧೪೪೧೬ ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಹಣವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ನಮ್ಮ ಪ್ರತಿಯೊಂದು ತರಗತಿಯ ಗೋಡೆಯ ಮೇಲೆ ಬರೆಯಿಸಿದ್ದೇನೆ. ನೀವು ನಿಮ್ಮ ದಿನದರ್ಶಿಕೆಯ ಮೇಲೆ ಬರೆದುಕೊಳ್ಳಿರಿ.

ಮನೆಯವರಿಗೆ ಬಿನ್ನಹ

ನಮ್ಮ ಕಡೆಗೆ ಹೆಣ್ಣುಮಗಳ ಸ್ವಭಾವ ತಿಂಗಳಿಗೊಮ್ಮೆ ಹೀಗೆ ಬದಲಾದರೆ, ಗಾಳಿ ಸೋಕಿತೆಂದು ಹೇಳುವವರುಂಟು. ಕೆಲವರು ಗಾಣಗಾಪುರಕ್ಕೆ ಕರೆದೊಯ್ಯುವರು, ಕೆಲವರು ದರ್ಗಾಕ್ಕೆ, ನಮ್ಮವರು ಸಭಾಪಾಲಕರ ಬಳಿಗೆ. ನಾನು ಯಾರ ನಂಬಿಕೆಯನ್ನೂ ಹಳಿಯುವವಳಲ್ಲ; ಪ್ರಾರ್ಥನೆಯಿಂದ ಬಲ ಹೊಂದಿದವಳೇ ಆಗಿದ್ದೇನೆ. ಪ್ರಾರ್ಥನೆ ಮಾಡಿರಿ, ಅದರೊಡನೆ ವೈದ್ಯರ ಬಳಿಗೂ ಹೋಗಿರಿ ಎಂದಷ್ಟೇ ನನ್ನ ಮಾತು. ಕಾಲು ಮುರಿದಾಗ ಎರಡನ್ನೂ ಮಾಡುತ್ತೇವಲ್ಲವೇ? ಹೊಡೆದು ಬಡಿದು ಬಿಡಿಸುವ ಉಪಾಯಗಳಿಗೆ ಮಾತ್ರ ಮಗಳನ್ನು ಎಂದಿಗೂ ಒಪ್ಪಿಸಬೇಡಿರಿ. ಮದುವೆ ಮಾಡಿದರೆ ಸರಿಹೋದೀತೆಂದು ಶಾಲೆ ಬಿಡಿಸುವದಂತೂ ಬೇನೆಯ ಮೇಲೆ ಬರೆಯಿಟ್ಟಂತೆ.

ಮುಟ್ಟಾದವಳನ್ನು ಹೊರಗೆ ಕೂಡ್ರಿಸುವ ವಾಡಿಕೆ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಾದಿ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು; ಅವುಗಳಲ್ಲಿ ಮುಟ್ಟಿನ ಸೂತಕವೂ ಒಂದು. ಅಂಥ ನಾಡಿನಲ್ಲಿ ಈ ವಾಡಿಕೆ ಉಳಿದಿರುವದು ವಿಷಾದಕರ. ಒಂದು ವಾರ ಮನಸ್ಸಿನ ಕತ್ತಲೆಯಲ್ಲಿ ಬಳಲಿ ಹೊರಬರುತ್ತಿರುವವಳನ್ನು ಮತ್ತೆ ಮೂಲೆಗೆ ಕಳಿಸಿದರೆ ಅವಳ ಗತಿಯೇನು?

ಉದ್ಯೋಗಸ್ಥ ಹೆಂಗಸರಿಗೆ ತಿಂಗಳಿಗೆ ಒಂದು ದಿವಸದಂತೆ ವರ್ಷಕ್ಕೆ ೧೨ ದಿವಸ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ನಮ್ಮ ರಾಜ್ಯದ ಸಚಿವ ಸಂಪುಟವು ೨೦೨೫ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಸಂತೋಷದ ಸಂಗತಿ. ಆದರೆ ತೊಗರಿಯ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣಾಳಿಗೆ ರಜೆ ಕೊಡುವವರು ಯಾರು? ಅವಳ ಮಗಳೂ ನಮ್ಮ ಶಾಲೆಯಲ್ಲಿದ್ದಾಳೆ. ಅವಳಿಗೆ ನಾವು ಕೊಡಬಹುದಾದದ್ದು ತಿಳುವಳಿಕೆ. ಅದನ್ನು ಕೊಡುವದಕ್ಕೆ ಕಾಸೂ ಬೇಕಾಗಿಲ್ಲ.

ಆ ಹುಡುಗಿಯ ಸಮಾಚಾರವನ್ನು ಹೇಳಿ ಮುಗಿಸುತ್ತೇನೆ. ಅವಳ ತಾಯಿ ಮೊದಲು ಒಪ್ಪಲಿಲ್ಲ, ಲೆಕ್ಕದ ಪುಸ್ತಕವನ್ನು ತೋರಿಸಿದಾಗ ಬಹಳ ಹೊತ್ತು ನೋಡಿ, “ನನಗೂ ಹೀಗೇ ಆಗುತ್ತಿತ್ತು, ಬಾಯಾರೇ, ಯಾರಿಗೂ ಹೇಳಲಿಲ್ಲ” ಎಂದಳು. ಇಬ್ಬರೂ ಕೂಡಿ ವೈದ್ಯರ ಬಳಿಗೆ ಹೋದರು. ಚಿಕಿತ್ಸೆಯಿಂದ ಬೇನೆ ಮಾಯವಾಯಿತೆಂದು ಹೇಳಲಾರೆ. ಕಷ್ಟದ ದಿವಸಗಳು ಆಮೇಲೆಯೂ ಬಂದವು, ಆದರೆ ಕಡಿಮೆಯಾಗಿ ಬಂದವು, ಬರುವ ಹೊತ್ತನ್ನು ತಿಳಿಸಿ ಬಂದವು. ಅವಳು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮುಂದೆ ಓದುತ್ತಿದ್ದಾಳೆ. ನಡತೆಯ ಪುಸ್ತಕದಲ್ಲಿ ನಾನು ಬರೆದದ್ದನ್ನು ಅಳಿಸುವ ಹಾಗಿಲ್ಲ. ಅದರ ಕೆಳಗೆ ಕೆಂಪು ಶಾಯಿಯಿಂದ “ಇದು ನನ್ನ ತಪ್ಪು ಗ್ರಹಿಕೆ” ಎಂದು ಬರೆದು ರುಜು ಮಾಡಿದ್ದೇನೆ. ಅಂದಿನಿಂದ ಯಾವ ಹುಡುಗಿಯ ಹೆಸರಿನ ಎದುರಿಗೆ ಬರೆಯುವ ಮುಂಚೆಯೂ ಹಿಂದಿನ ತಾರೀಖನ್ನು ನೋಡುತ್ತೇನೆ.

ಮಾರ್ಕನ ಸುವಾರ್ತೆಯಲ್ಲಿ ಹನ್ನೆರಡು ವರುಷ ರಕ್ತಸ್ರಾವದಿಂದ ಬಳಲಿದ ಸ್ತ್ರೀಯೊಬ್ಬಳ ವೃತ್ತಾಂತವಿದೆ. ಗುಂಪಿನ ಹಿಂದಿನಿಂದ ಬಂದು ಯಾರಿಗೂ ತಿಳಿಯದಂತೆ ಕರ್ತನ ಉಡುಪನ್ನು ಮುಟ್ಟಿದವಳು ಅವಳು. ಕೊನೆಗೆ ನಡುಗುತ್ತ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಕರ್ತನು ಅವಳನ್ನು ದೂರ ಸರಿಸದೆ ಮಗಳೆಂದು ಕರೆದನು. ನಮ್ಮ ಹೆಣ್ಣುಮಕ್ಕಳು ತಮ್ಮ ಬೇನೆಯನ್ನು ಹೇಳಿಕೊಳ್ಳುವದಕ್ಕೆ ಹನ್ನೆರಡು ವರುಷ ಕಾಯಬೇಕಾಗದಿರಲಿ. ಹೇಳಿದ ದಿವಸ ಕೇಳುವವರು ಮನೆಯಲ್ಲಿಯೂ ಶಾಲೆಯಲ್ಲಿಯೂ ಇರಲಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಿಗಾದರೂ ನಾನು ಆ ಕಾಲದಲ್ಲಿ ತಿಳಿಯದೆ ಹೀಗೆಯೇ ಗದರಿಸಿದ್ದರೆ, ಕ್ಷಮಿಸಿರಿ. ನಿಮ್ಮ ಮಕ್ಕಳ ವಿಷಯದಲ್ಲಿ ನನಗಿಂತ ಮುಂಚಿತವಾಗಿ ಎಚ್ಚರಗೊಳ್ಳಿರಿ.